ನಾಣ್ಯವನ್ನು ತಿರುಗಿಸಿ ನೋಡಿ

ಕೇಳುಗರಿಗೆ ನಮಸ್ಕಾರ. ರೋಮನ್ ನಾಣ್ಯ ಕೈಗೆ ಕೊಟ್ಟರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಈ ರಾಜ ಯಾರು? ರಾಜನ ಮುಖ ಇರಲಿ ಬಿಡಿ. ದಯವಿಟ್ಟು ನಾಣ್ಯವನ್ನು ತಿರುಗಿಸಿ. ಎಷ್ಟೋ ನಾಣ್ಯಗಳ ಹಿಂಬದಿಯಲ್ಲಿ ಒಂದು ಕಟ್ಟಡವೇ ನಿಂತಿರುತ್ತದೆ!

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳು ಬೆಳ್ಳಿಯವು, ಚಿಕ್ಕವು. ನಾನು ಹೇಳುತ್ತಿರುವುದು ಸೆಸ್ಟರ್ಷಿಯಸ್ ಎಂಬ ದೊಡ್ಡ ಹಿತ್ತಾಳೆ ನಾಣ್ಯದ ವಿಷಯ. ಅಗಲ ಸುಮಾರು 35 ಮಿಲಿಮೀಟರ್, ತೂಕ ಸುಮಾರು 25 ಗ್ರಾಂ. ಅಚ್ಚು ಕೊರೆಯುವವನಿಗೆ ಜಾಗ ಜಾಸ್ತಿ. ಕಂಬ, ಬಾಗಿಲು, ಕಿಟಕಿ ಎಲ್ಲವನ್ನೂ ಬಿಡಿಸುತ್ತಿದ್ದ.

ನನಗೆ ತುಂಬಾ ಇಷ್ಟವಾದದ್ದು ನೀರೋ ಚಕ್ರವರ್ತಿಯ ನಾಣ್ಯ. ರೋಮ್ ನಗರದಲ್ಲಿ ಜಾನುಸ್ ದೇವರ ಪುಟ್ಟ ಗುಡಿಯೊಂದಿತ್ತು. ಯುದ್ಧ ನಡೆಯುವಾಗ ಅದರ ಬಾಗಿಲು ತೆರೆದಿರಬೇಕು, ಎಲ್ಲೂ ಯುದ್ಧವಿಲ್ಲದಾಗ ಮುಚ್ಚಬೇಕು. ರೋಮನ್ನರು ಸದಾ ಯುದ್ಧದಲ್ಲೇ ಇದ್ದವರು. ಹಾಗಾಗಿ ಮೊದಲ ಚಕ್ರವರ್ತಿ ಅಗಸ್ಟಸ್‌ಗಿಂತ ಮೊದಲಿನ ಏಳು ಶತಮಾನಗಳಲ್ಲಿ ಅದು ಮುಚ್ಚಿದ್ದು ಎರಡೇ ಸಲ ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ನೀರೋ ಕಾಲದಲ್ಲಿ ಅರ್ಮೇನಿಯಾದ ಜಗಳ ಬಗೆಹರಿಯಿತು. ಬಾಗಿಲು ಮುಚ್ಚಿತು. ಅದನ್ನು ಊರಿಗೆಲ್ಲ ಸಾರಿದ್ದು ಈ ನಾಣ್ಯ. ಕಲ್ಲಿನ ಗೋಡೆ, ಮೇಲೆ ಜಾಲರಿಯ ಕಿಟಕಿ, ಭದ್ರವಾಗಿ ಮುಚ್ಚಿದ ಜೋಡಿ ಬಾಗಿಲು, ಅದರ ಮೇಲೊಂದು ತೋರಣ. ಸುತ್ತಲಿನ ಬರಹ ಹೇಳುತ್ತದೆ: ನೆಲದಲ್ಲೂ ಕಡಲಲ್ಲೂ ರೋಮನ್ ಜನರಿಗೆ ಶಾಂತಿ ದೊರಕಿಸಿ ಜಾನುಸ್ ಬಾಗಿಲು ಮುಚ್ಚಿದನು.

ಆ ಗುಡಿಯ ಒಂದು ಕಲ್ಲನ್ನೂ ಇವತ್ತು ಯಾರೂ ತೋರಿಸಲಾರರು. ಅದರ ಗೋಡೆ, ಬಾಗಿಲು ಹೇಗಿದ್ದವು ಅಂತ ನಮಗೆ ಕಾಣಿಸುವುದು ಈ ನಾಣ್ಯದ ಹಿಂಬದಿಯಲ್ಲಿ. ಇಷ್ಟಾದರೂ ಸಂಗ್ರಹಾಲಯಗಳಲ್ಲಿ ಸುಮ್ನೆ ಮುಖ ಮೇಲೆ ಮಾಡಿ ಇಡುತ್ತಾರಲ್ಲ, ನನಗೆ ಬೇಸರವಾಗುತ್ತದೆ.

ಸಮಯ ಓಡುತ್ತಿದೆ. ಕ್ರಿ.ಶ. 80ರ ಹೊತ್ತಿಗೆ ಟೈಟಸ್ ಚಕ್ರವರ್ತಿ ಹೊರಡಿಸಿದ ನಾಣ್ಯದಲ್ಲಿ ಕೊಲೋಸಿಯಂ ಇದೆ. ಹೊರಗಿನ ಕಮಾನುಗಳ ಜೊತೆಗೆ ಒಳಗೆ ಕೂತ ಜನರೂ ಚುಕ್ಕಿ ಚುಕ್ಕಿಯಾಗಿ ಕಾಣುತ್ತಾರೆ. ಮೇಲಿನಿಂದ ಇಣುಕಿದ ಹಾಗೆ ಬಿಡಿಸಿದ್ದಾರೆ! ಪಕ್ಕದಲ್ಲಿ ಚೂಪು ತುದಿಯ ಒಂದು ಕಾರಂಜಿ. ಅದರ ಅಳಿದುಳಿದ ಮೊಂಡುಗೋಡೆಯನ್ನು 1936ರಲ್ಲಿ ಮುಸೊಲಿನಿಯ ಸರ್ಕಾರ ಕೆಡವಿಹಾಕಿತು. ನಾಣ್ಯದಲ್ಲಿ ಅದು ಇನ್ನೂ ಪೂರ್ತಿಯಾಗಿದೆ.

ಓಸ್ಟಿಯಾ ಬಂದರು, ಚಕ್ರವರ್ತಿ ಟ್ರಾಜನ್‌ನ ಸೇತುವೆ ಇವನ್ನೂ ಹೇಳಬೇಕಿತ್ತು, ಆಗಲಿಲ್ಲ. ಸಂಗ್ರಹಾಲಯಕ್ಕೆ ಹೋದರೆ ಅಲ್ಲಿನವರನ್ನು ಕೇಳಿ: ಹಿಂಬದಿ ತೋರಿಸ್ತೀರಾ? ನಮಸ್ಕಾರ.