ಮೊದಲು ಕೆಲಸ ನೋಡಿ, ಆಮೇಲೆ ಶಾಲು ಹೊದಿಸಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಊರಿಗಾಗಿ ಪುಕ್ಕಟೆ ದುಡಿದ ಹಿರಿಯರನ್ನ ಗೌರವಿಸೋದು ಹೇಗೆ ಅನ್ನೋ ವಿಷಯದ ಮೇಲೆ ಕಾಲು ಗಂಟೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ನಿಜ ಹೇಳಬೇಕಂದ್ರೆ ಒಂದೇ ಸಾಲು ಸಾಕು. ಮೊದಲು ಅವರು ಮಾಡಿದ ಕೆಲಸ ನೋಡಿ, ಆಮೇಲೆ ಶಾಲು ಹೊದಿಸಿ. ಉಳಿದ ಹೊತ್ತೆಲ್ಲ ಇದನ್ನೇ ತಿರುಗಿಸಿ ಮುರುಗಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಾನು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಪಂಚಾಯಿತಿ ಕಾರ್ಯದರ್ಶಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ಈಗ ಮಾತಾಡ್ತಿರುವಾಗ ನನ್ನ ಕಣ್ಣ ಮುಂದೆ ಇರೋದು ಯುವಕ ಸಂಘದ ಹುಡುಗರು, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು, ಹಾಲಿನ ಡೈರಿಯ ಕಾರ್ಯದರ್ಶಿ, ಗಣಪತಿ ಕೂರಿಸೋ ಸಮಿತಿಯವರು. ಸನ್ಮಾನದ ಪಟ್ಟಿ ಬರೆಯೋರು ನೀವೇ ತಾನೆ? ಅಕ್ಟೋಬರ್ 1 ಹಿರಿಯರ ದಿನ. ವಿಶ್ವಸಂಸ್ಥೆ 1990ರಲ್ಲಿ ಆ ದಿನ ಗೊತ್ತು ಮಾಡಿತು. ಅದಾಗಿ ಒಂದೇ ತಿಂಗಳಿಗೆ ನವೆಂಬರ್ 1, ರಾಜ್ಯೋತ್ಸವ. ನಮ್ಮ ಕಡೆ ರಾಜ್ಯೋತ್ಸವ ಅಂದ್ರೆ ಇಡೀ ತಿಂಗಳು. ಶಾಲಿನ ಅಂಗಡಿಯವರಿಗೆ ಒಳ್ಳೇ ವ್ಯಾಪಾರ.

ಸನ್ಮಾನ ಹೇಗೆ ನಡೆಯುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹತ್ತು ಗಂಟೆಗೆ ಕಾರ್ಯಕ್ರಮ ಅಂತ ಕರಪತ್ರ. ಎಂಬತ್ತರ ಅಜ್ಜ ಒಂಬತ್ತಕ್ಕೇ ಬಿಳಿ ಪಂಚೆ ಉಟ್ಟು ಬಂದು ಕೂತಿರ್ತಾನೆ. ಮುಖ್ಯ ಅತಿಥಿಗಳು ಬರೋದು ಹನ್ನೆರಡೂವರೆಗೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅವರ ಮಾತು, ಇವರ ಮಾತು. ಕೊನೆಗೆ ಅಜ್ಜನ್ನ ಎಬ್ಬಿಸಿ, ಕಿವಿ ಮುಚ್ಚೋ ಹಾಗೆ ಪೇಟ ಇಟ್ಟು, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ ಕೈಗೆ ಕೊಟ್ಟು, ಹತ್ತು ಜನ ಫೋಟೋಗೆ ಅಡ್ಡ ನಿಲ್ಲೋದು. "ಸಮಯದ ಅಭಾವದಿಂದ ಸನ್ಮಾನಿತರು ಮಾತಾಡೋದಿಲ್ಲ" ಅಂತ ನಿರೂಪಕರು ಮೈಕಿನಲ್ಲಿ ಹೇಳಿಬಿಡ್ತಾರೆ. ಯಾರ ಹೆಸರಲ್ಲಿ ಪೆಂಡಾಲು ಹಾಕಿದ್ದೋ ಅವರು ಬಾಯಿ ಬಿಡೋ ಹಾಗಿಲ್ಲ.

ಇಂಥದ್ದೇ ಒಂದು ವೇದಿಕೆಯ ಕಥೆ ಹೇಳ್ತೀನಿ. ಎಲ್ಲಿ ಹೋದರೂ ಹೇಳ್ತೀನಿ, ಮನೆಯಲ್ಲಿ ನನ್ನ ಹೆಂಡತಿಗೆ ಬಾಯಿಪಾಠ ಆಗಿದೆ.

ಮಧುಗಿರಿ ಕಡೆಯ ಒಂದು ಹಳ್ಳಿ. ಸನ್ಮಾನಕ್ಕೆ ಒಬ್ಬ ಹಿರಿಯರು, ಅವರ ಪಕ್ಕದ ಕುರ್ಚಿಯಲ್ಲಿ ಅತಿಥಿಯಾಗಿ ನಾನು. ಅವರಿಗೆ ಓದು ಬರ್ತಿರಲಿಲ್ಲ. ಎಲ್ಲ ಮುಗಿದು ಜನ ಊಟಕ್ಕೆ ಎದ್ದಾಗ, ಚೌಕಟ್ಟು ಹಾಕಿಸಿದ ಸನ್ಮಾನ ಪತ್ರ ನನ್ನ ಕೈಗೆ ಕೊಟ್ಟು, "ಇದರಾಗೆ ಕಾಲುವೆ ಇಸ್ಯ ಎಲ್ಲಿ ಬರ್ದವ್ರೆ, ವಸಿ ಓದಿ ಸ್ವಾಮಿ" ಅಂದರು. ಓದಿದೆ. "ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕೊಡುಗೈ ದಾನಿ, ನಾಡು ನುಡಿಯ ಸೇವೆಗೆ ತಮ್ಮನ್ನೇ ಅರ್ಪಿಸಿಕೊಂಡ ಮಹನೀಯರು." ಮದುವೆ ಕಾರ್ಡಿನ ಹಾಗೆ ಹೆಸರೊಂದು ಬದಲಿಸಿ ಅಚ್ಚು ಹಾಕಿಸಿದ್ದು. ಮೇಲಿಂದ ಕೆಳಗೆ ಎರಡು ಸಲ ನೋಡಿದೆ, ಕಾಲುವೆ ಅನ್ನೋ ಪದವೇ ಇಲ್ಲ. ಸಮಿತಿ ಹುಡುಗನ್ನ ಕರೆದು ಕೇಳಿದ್ರೆ, "ಯಾವ ಕಾಲುವೆ ಸಾರ್?" ಅಂತಾನೆ.

ನನಗೆ ಸಿಟ್ಟು ಬಂತು. "ನಾಳೆ ಬೆಳಗ್ಗೆ ಆರು ಗಂಟೆಗೆ ಬರ್ತೀನಿ, ನೀವೆಲ್ಲ ಇರ್ರಪ್ಪ" ಅಂದೆ. ಮಾರನೇ ದಿನ ಬಂದೋರು ನಾಲ್ಕೈದು ಜನ, ಆಕಳಿಸ್ಕೊಂಡು. ಅಜ್ಜ ಮುಂದೆ, ನಾವು ಹಿಂದೆ.

ನಮ್ಮ ಕಡೆಯ ಕೆರೆಗಳ ಬಗ್ಗೆ ಗೊತ್ತಿಲ್ಲದೋರಿಗೆ ಒಂದು ಮಾತು. ಕೆರೆ ತುಂಬೋದು ಮೇಲೆ ಬಿದ್ದ ಮಳೆಯಿಂದಲ್ಲ. ಗುಡ್ಡದ ನೀರು ಹಳ್ಳದಿಂದ ಕಾಲುವೆಗೆ ಇಳಿದು, ಕಾಲುವೆ ಹಿಡಿದು ಕೆರೆಗೆ ಬರಬೇಕು. ಕಾಲುವೆ ಮುಚ್ಚಿದ್ರೆ ಎಂಥ ಮಳೆ ಬಂದರೂ ನೀರು ಅಕ್ಕಪಕ್ಕದ ಹೊಲಕ್ಕೆ ನುಗ್ಗಿ ಹೋಗುತ್ತೆ, ಕೆರೆ ಒಣಗೇ ಇರುತ್ತೆ. ಕಾಲುವೆ ಮುಚ್ಚೋದು ಎರಡರಿಂದ, ಹೂಳು ಮತ್ತು ಬಳ್ಳಾರಿ ಜಾಲಿ. ಮೇಕೆಗಳು ಜಾಲಿ ಕಾಯಿ ತಿಂತವೆ, ಬೀಜ ಅರಗೋದಿಲ್ಲ, ಹಿಕ್ಕೆ ಜೊತೆ ಬೀಳುತ್ತೆ. ಮೇಕೆ ಓಡಾಡೋ ದಾರಿ ಅದೇ ಕಾಲುವೆ. ಒಂದು ಮಳೆಗೆ ಸಾಲಾಗಿ ಸಸಿ ಏಳ್ತವೆ, ಎರಡು ವರ್ಷ ಬಿಟ್ಟರೆ ಮನುಷ್ಯ ನುಗ್ಗೋಕಾಗಲ್ಲ.

ಈ ಅಜ್ಜ ಮಾಡ್ತಿದ್ದದ್ದು ಇಷ್ಟೇ. ಯುಗಾದಿ ಕಳೆದ ಮೇಲೆ, ಮುಂಗಾರು ಹಿಡಿಯೋ ತನಕ, ದಿನಾ ಬೆಳಗ್ಗೆ ಚನಿಕೆ, ಕುಡುಗೋಲು ಹಿಡಿದು ಕಾಲುವೆ ಹತ್ತೋದು. ಜಾಲಿ ಸಸಿ ಕೀಳೋದು, ತಿರುವುಗಳಲ್ಲಿ ಕೂತ ಹೂಳು ಎಳೆದು ಏರಿಗೆ ಹಾಕೋದು. ಯಾರೂ ಹೇಳಿರಲಿಲ್ಲ, ಯಾರೂ ಕೂಲಿ ಕೊಟ್ಟಿರಲಿಲ್ಲ. ಅವರಪ್ಪ ಮಾಡ್ತಿದ್ದ, ಇವರೂ ಮಾಡಿದರು. ಅವರ ಸ್ವಂತ ಜಮೀನು ಕೆರೆ ಅಚ್ಚುಕಟ್ಟಿನಲ್ಲಿ ಇರಲೂ ಇಲ್ಲ, ಮೇಲಿನ ಮಾಳದಲ್ಲಿತ್ತು.

ಒಬ್ಬ ಹುಡುಗ ಉತ್ಸಾಹದಲ್ಲಿ ಕುಡುಗೋಲು ತಗೊಂಡು ಸರಕ್ಕನೆ ಒಂದು ಸಸಿ ಕೊಯ್ದ. ಅಜ್ಜ ಅವನ ಕೈ ಹಿಡಿದುಕೊಂಡರು. "ಬುಡ ಬುಟ್ಟು ಕೊಯ್ದ್ರೆ ಒಂದುಕ್ಕೆ ಹತ್ತು ಚಿಗುರ್ತೈತೆ ಕಣಪ್ಪ" ಅಂದು, ಕುಕ್ಕರಗಾಲಲ್ಲಿ ಕೂತು, ಚನಿಕೆಯಿಂದ ಬುಡದ ಮಣ್ಣು ಕೆದಕಿ, ನೆಲದೊಳಗೆ ಒಂದು ಗೇಣು ಇಳಿದು, ಬೇರಿನ ಗಂಟು ಕಾಣೋ ತನಕ ಬಿಡಿಸಿ, ಆ ಗಂಟಿನ ಕೆಳಗೆ ಒಂದೇ ಏಟು. ಸಸಿಯನ್ನ ಎತ್ತಿ ತಲೆಕೆಳಗೆ ಮಾಡಿ ಏರಿ ಮೇಲಿಟ್ಟರು, ಬೇರು ಬಿಸಿಲಿಗೆ ಒಣಗಲಿ ಅಂತ. ಹುಡುಗರು ಒಂದೊಂದು ಕೀಳೋಕೆ ನೋಡಿದರು. ಒಬ್ಬನ ಚಪ್ಪಲಿ ದಾಟಿ ಮುಳ್ಳು ಅಂಗಾಲಿಗೆ ಹತ್ತಿತು. ಕೆಲಸ ಅಂದರೆ ಏನು ಅಂತ ಅವತ್ತು ಅವರಿಗೆ ಗೊತ್ತಾಯ್ತು. ಹಿಂದಿನ ದಿನ ಶಾಲು ಹೊದಿಸಿದಾಗ ಗೊತ್ತಿರಲಿಲ್ಲ.

ಅದಕ್ಕೇ ಹೇಳೋದು, ಮೊದಲು ಕೆಲಸ ನೋಡಿ, ಆಮೇಲೆ ಶಾಲು ಹೊದಿಸಿ ಅಂತ.

ಮುಂದಿನ ವರ್ಷ ಆ ಹುಡುಗರೇ ಯುಗಾದಿ ಆದ ಮೇಲೆ ಎರಡು ಭಾನುವಾರ ಕಾಲುವೆಗೆ ಇಳಿದರು. ಹೂಳು ತೆಗೆಯೋದನ್ನ ಪಂಚಾಯಿತಿಯವರು ಉದ್ಯೋಗ ಖಾತರಿ ಕ್ರಿಯಾಯೋಜನೆಯಲ್ಲಿ ಸೇರಿಸಿದರು. ಕೆರೆ ತುಂಬಿ ಕೋಡಿ ಬಿತ್ತು ಅಂತ ನಾನು ಹೇಳಿದ್ರೆ ನಿಮಗೆ ಚೆನ್ನಾಗಿ ಕೇಳಿಸ್ತಿತ್ತು. ಬೀಳಲಿಲ್ಲ. ಆ ವರ್ಷ ಮಳೆಯೇ ಕೈಕೊಟ್ಟಿತು. ನಾನು ಹೋಗಿ ಅಜ್ಜನ್ನ ಮಾತಾಡಿಸಿದಾಗ ಅವರು ಮಳೆ ಸುದ್ದಿ ಎತ್ತಲೇ ಇಲ್ಲ. "ಆ ತುದೀಲಿ ನಿಮ್ಮ ಹುಡುಗ್ರು ಬುಡ ಬುಟ್ಟವ್ರೆ, ಹೇಳಿ ಸ್ವಾಮಿ ಅವರ್ಗೆ" ಅಂತ ಒಂದೇ ದೂರು.

ಆ ಸನ್ಮಾನ ಪತ್ರ ಏನಾಯ್ತೋ ನನಗೆ ಗೊತ್ತಿಲ್ಲ. ಶಾಲು ಮಾತ್ರ ಅವರ ಮನೆ ನಡುಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲಿಗೆ ಹಾಸಿತ್ತು. ಅದಕ್ಕಿಂತ ಒಳ್ಳೇ ಉಪಯೋಗ ಇನ್ನೇನಿದೆ.

ಸಣ್ಣ ಊರಲ್ಲಿ ಮಾತ್ರ ಹೀಗೆ ಅಂದುಕೋಬೇಡಿ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗೋ ರಸ್ತೆಗೆ ಒಮ್ಮೆ ಹೋಗಿ ಬನ್ನಿ. ಸಾಲುಮರದ ತಿಮ್ಮಕ್ಕ, ಅವರ ಯಜಮಾನರು ಚಿಕ್ಕಯ್ಯ, ಕೂಲಿನಾಲಿ ಮಾಡ್ತಿದ್ದ ಜನ. ಮಳೆಗಾಲಕ್ಕೆ ಮುಂಚೆ ಆಲದ ಸಸಿ ಮಾಡಿಕೊಂಡು, ನೆಟ್ಟು, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು, ದನ ಮುಟ್ಟದ ಹಾಗೆ ಮುಳ್ಳು ಕಟ್ಟಿ ಬೆಳೆಸಿದ್ದು. 385 ಆಲದ ಮರ, ನಾಲ್ಕು ಕಿಲೋಮೀಟರ್ ಉದ್ದಕ್ಕೆ. 2019ರ ಮಾರ್ಚಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಕೊಟ್ಟರು. ಆ ತಾಯಿ ರಾಷ್ಟ್ರಪತಿಗಳ ಹಣೆ ಮುಟ್ಟಿ ಆಶೀರ್ವಾದ ಮಾಡಿದರು, ನಾವೆಲ್ಲ ಟಿವಿ ಮುಂದೆ ಕಣ್ಣೊರೆಸಿಕೊಂಡೆವು. ಅದೇ 2019ರಲ್ಲೇ, ಪದ್ಮಶ್ರೀ ಬಂದು ಕೆಲವೇ ತಿಂಗಳಲ್ಲಿ, ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡೋ ಕಾಮಗಾರಿಗೆ ಆ ಮರಗಳಿಗೇ ಕುತ್ತು ಬಂತು. ನನ್ನ ಮರ ಉಳಿಸಿ ಅಂತ ಆ ವಯಸ್ಸಿನಲ್ಲಿ ತಿಮ್ಮಕ್ಕನೇ ಸರ್ಕಾರಕ್ಕೆ ಮನವಿ ಮಾಡಬೇಕಾಯ್ತು. ಆಮೇಲೆ ಸರ್ಕಾರ ಬೇರೆ ದಾರಿ ನೋಡ್ತೀವಿ ಅಂದಿತು, ಅದು ಬೇರೆ ಮಾತು. ರಸ್ತೆಯ ನಕ್ಷೆ ಬರೆದೋರು ಆ ಮರಗಳ ಕೆಳಗೆ ಒಂದು ಗಂಟೆ ನಡೆದಿದ್ರೆ ಆ ನಕ್ಷೆ ಹಾಗೆ ಬರೀತಿದ್ರಾ? ಹೇಳಿ.

ಸರಿಯಾಗಿ ನಡೆದದ್ದೂ ಇದೆ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು, ಕುರಿ ಕಾಯ್ತಿದ್ದೋರು. ಕುಂದೂರು ಬೆಟ್ಟದಲ್ಲಿ ಪ್ರಾಣಿ ಪಕ್ಷಿಗೆ ನೀರಿಲ್ಲ ಅಂತ, ಕುರಿ ಮಾರಿ ಹಾರೆ ಗುದ್ದಲಿ ಕೊಂಡು ಕಟ್ಟೆ ತೋಡಿದರು. ಬಂದ ಪ್ರಶಸ್ತಿ ಹಣವನ್ನೂ ಕಟ್ಟೆಗೇ ಹಾಕಿದರು. 2020ರ ಜೂನ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಹದಿನಾರು ಕಟ್ಟೆ ಅಂತ ಇವರ ಹೆಸರು ಹೇಳಿದರು. ಅದೂ ಬಾನುಲಿಯಲ್ಲೇ. ಆಮೇಲೆ ಕೆಎಸ್‌ಆರ್‌ಟಿಸಿಯವರು ಏನು ಮಾಡಿದರು ಗೊತ್ತೇ? ಜೀವನಪೂರ್ತಿ ಓಡಾಡೋಕೆ ಉಚಿತ ಬಸ್ ಪಾಸ್ ಕೊಟ್ಟರು. ಕಾಮೇಗೌಡರು ಕೇಳಿದ್ದೇ ಅದನ್ನ. ಆ ಪಾಸ್ ಇದೆಯಲ್ಲ, ನೂರು ಶಾಲಿಗಿಂತ ದೊಡ್ಡದು. ಅಜ್ಜ, ನಿಮಗೇನು ಬೇಕು ಅಂತ ಕೇಳಿ. ಕನ್ನಡಕ ಅಂತಾರೆ, ಹೊಸ ಗುದ್ದಲಿ ಅಂತಾರೆ, ಪಿಂಚಣಿ ನಿಂತುಹೋಗಿದೆ ಯಾರಾದ್ರೂ ತಾಲ್ಲೂಕು ಕಚೇರಿಗೆ ಕರಕೊಂಡು ಹೋಗಿ ಅಂತಾರೆ. ಅದು ಮಾಡಿ.

ಇನ್ನೊಂದು. ನಿಮ್ಮ ಪಟ್ಟಿಯಲ್ಲಿ ಹತ್ತು ಹೆಸರಿದ್ರೆ ಒಂಬತ್ತು ಗಂಡಸರು. ಯಾಕೆ? ಹೆಂಗಸರು ಮಾಡಿದ್ದನ್ನ ನಾವು ಕೆಲಸ ಅಂತ ಎಣಿಸೋದೇ ಇಲ್ಲ, ಅವರೂ ಹೇಳಿಕೊಳ್ಳೋದಿಲ್ಲ. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಅಂತ ಲೆಕ್ಕ, ಒಂದು ಕಾಸು ಮುಟ್ಟದೆ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ಕ್ಕೆ ತೀರಿಕೊಂಡರು. ಆಯುಷ್ಯ ಗಟ್ಟಿ ಇತ್ತು, ಆದ್ದರಿಂದ ಪದ್ಮಶ್ರೀ ಕೈಗೆ ಸಿಕ್ಕಿತು. ನಿಮ್ಮೂರಲ್ಲಿ ಬಾಣಂತಿಗೆ ನೀರು ಹಾಕೋ ಅಜ್ಜಿ, ಸಾವಿನ ಮನೆಗೆ ಮೊದಲು ಹೋಗಿ ಒಲೆ ಹಚ್ಚೋ ಅಜ್ಜಿ, ಬೇಸಿಗೆಯಲ್ಲಿ ಬಸ್ ನಿಲ್ದಾಣದ ಹತ್ರ ಅರವಟ್ಟಿಗೆಯ ಮಡಕೆ ತುಂಬೋ ಅಜ್ಜಿ ಇಲ್ವಾ? ಇದ್ದಾರೆ. ಅವರ ಹೆಸರು ಗೊತ್ತಾ ನಿಮಗೆ? ಇಂಥವನ ತಾಯಿ, ಇಂಥವನ ಹೆಂಡತಿ ಅನ್ನಬೇಡಿ. ಅವರ ಹೆಸರು.

ಹಾಳೆ ಮುಗೀತಾ ಬಂತು. ಕಾಲುವೆ ಕಥೆಗೇ ಅರ್ಧ ಹೋಯ್ತು, ಇನ್ನು ಮೂರು ನಾಲ್ಕು ಮಾತು ಬೇಗ ಬೇಗ ಹೇಳಿಬಿಡ್ತೀನಿ.

ಸನ್ಮಾನ ಪತ್ರ ನೀವೇ ಬರೀರಿ, ಫ್ಲೆಕ್ಸ್ ಅಂಗಡಿಯವನ ಕೈಗೆ ಬಿಡಬೇಡಿ. ಏನು ಮಾಡಿದರು, ಎಲ್ಲಿ ಮಾಡಿದರು, ಯಾವಾಗಿಂದ ಮಾಡ್ತಿದ್ದಾರೆ. ಮೂರು ಸಾಲು. ಸಾಕಾರಮೂರ್ತಿ ಬೇಡ. ಆ ಮೂರು ಸಾಲನ್ನ ಗ್ರಾಮಸಭೆಯಲ್ಲೂ ಓದಿ ನಡಾವಳಿಯಲ್ಲಿ ಬರೆಸಿ. ಹೊಗಳಿಕೆ ಮರೆತುಹೋಗುತ್ತೆ, ನಡಾವಳಿ ಪುಸ್ತಕ ಪಂಚಾಯಿತಿ ಬೀರುವಿನಲ್ಲಿ ಇರುತ್ತೆ.

ಹಿರಿಯರ ಜೊತೆ ಕೆಲಸ ಕಲಿಯೋಕೆ ಒಬ್ಬ ಹುಡುಗನ್ನೋ ಹುಡುಗಿಯನ್ನೋ ಹಚ್ಚಿ. ಅವರು ಮಲಗಿದ ಮೇಲೆ ಕಾಲುವೆ ಯಾರು ನೋಡ್ತಾರೆ?

ಒಂಟಿಯಾಗಿರೋ ಹಿರಿಯರಿಗೆ ತೊಂದರೆ ಇದ್ದರೆ ಸಹಾಯವಾಣಿ 14567, ಕರೆಗೆ ದುಡ್ಡಿಲ್ಲ. ನಿಮ್ಮ ಅಜ್ಜಿಯ ಫೋನಿನಲ್ಲಿ ಈಗಲೇ ಹಾಕಿಕೊಡಿ.

ಸಮಾರಂಭ ಮಾಡಲೇಬೇಕು ಅಂದರೆ ಮಾಡಿ, ನಾನೇನು ಬೇಡ ಅಂದೆನಾ? ಕೆಲಸ ನೋಡಿಕೊಂಡು ಬಂದು ಮಾಡಿ. ಬೆಳಗ್ಗೆ ಹತ್ತಕ್ಕೆ ಶುರು, ಹನ್ನೊಂದಕ್ಕೆ ಮುಗಿಸಿ. ಮೊದಲ ಮಾತು ಸನ್ಮಾನಿತರದ್ದು, ಅತಿಥಿಗಳು ಬರದಿದ್ದರೂ ಶುರು ಮಾಡಿ. ಹತ್ತಿರದಲ್ಲೇ ಶೌಚಾಲಯ ಇರಲಿ. ವೇದಿಕೆಗೆ ಎತ್ತರದ ಮೆಟ್ಟಿಲು ಬೇಡ, ನೆಲದ ಮೇಲೆ ಜಮಖಾನ ಹಾಸಿದ್ರೆ ಸಾಕು. ಕೂರೋಕೆ ಕೈಯಿರೋ ಕುರ್ಚಿ ಹಾಕಿ, ಹಿಡಿದುಕೊಂಡು ಏಳೋಕೆ ಅನುಕೂಲ ಆಗುತ್ತೆ.

ನಮಸ್ಕಾರ.