ಸಂಘ ತನ್ನ ಸದಸ್ಯರ ಕೈ ಕಟ್ಟುತ್ತದಾ?

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಕೇಳಿದ ತಕ್ಷಣ ಅರ್ಧ ಜನಕ್ಕೆ ಆಕಳಿಕೆ ಬರುತ್ತದೆ ಅಂತ ನನಗೆ ಗೊತ್ತು. ಕಟ್ಟಡ ನೋಡಿಕೊಳ್ಳುವ ಮ್ಯಾನೇಜರ್‌ಗಳ ಸಂಘಗಳು, ನೀರಿಗೋ ಬೆಂಕಿಗೋ ಸಿಕ್ಕಿ ಹಾಳಾದ ಕಟ್ಟಡವನ್ನು ಮತ್ತೆ ಸರಿ ಮಾಡಿಕೊಡುವ ರಿಸ್ಟೋರೇಷನ್ ಕಂಪನಿಗಳ ಸಂಘಗಳು. ನಾನು ಮಾತಾಡುವುದು ಹೆಚ್ಚಾಗಿ ಅಮೆರಿಕದ ಬಗ್ಗೆ, ಯಾಕಂದ್ರೆ ಈ ಹೆಸರುಗಳೆಲ್ಲ ಹುಟ್ಟಿದ್ದು ಅಲ್ಲೇ.

ಅಲ್ಲಿ ರಿಸ್ಟೋರೇಷನ್ ಕಂಪನಿಯ ವ್ಯಾನ್ ಮೇಲೆ ನಾಲ್ಕೈದು ಲೋಗೋ ಇರುವುದು ಮಾಮೂಲಿ. ಮ್ಯಾನೇಜರ್ ಹೆಸರಿನ ಮುಂದೆ ಸಿಪಿಎಂ ಅಂತಲೋ ಇನ್ನೊಂದಂತಲೋ ಮೂರು ಅಕ್ಷರ. ಯಾವುದನ್ನು ನಂಬಬೇಕು? ನಾನು ಕೇಳುವ ಪ್ರಶ್ನೆ ಒಂದೇ. ಆ ಸಂಘ ತನ್ನದೇ ಸದಸ್ಯರಿಗೆ ಏನನ್ನು ಮಾಡಬೇಡಿ ಅನ್ನುತ್ತದೆ? ಚಂದಾ ಕಟ್ಟಿದವರಿಗೆಲ್ಲ ಲೋಗೋ ಕೊಡುವುದು ಸುಲಭ. ಚಂದಾ ಕಟ್ಟುವವರ ಕೈಯನ್ನೇ ಕಟ್ಟುವುದು ಕಷ್ಟ.

ಮೊದಲು ಐರೆಮ್ ಕಥೆ ನೋಡಿ. ಪೂರ್ತಿ ಹೆಸರು ಇನ್‌ಸ್ಟಿಟ್ಯೂಟ್ ಆಫ್ ರಿಯಲ್ ಎಸ್ಟೇಟ್ ಮ್ಯಾನೇಜ್‌ಮೆಂಟ್. ಶುರುವಾಗಿದ್ದು 1933ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ. ಆಗ ಸಾಲ ಕಟ್ಟಲಾಗದ ಕಟ್ಟಡಗಳೆಲ್ಲ ಬ್ಯಾಂಕು, ವಿಮಾ ಕಂಪನಿಗಳ ಕೈಗೆ ಬರುತ್ತಿದ್ದವು. ಅವರಿಗೆ ಕಟ್ಟಡ ನಡೆಸಿ ಗೊತ್ತಿಲ್ಲ, ಮ್ಯಾನೇಜರ್ ಬೇಕು. ಆದರೆ ಮ್ಯಾನೇಜರ್ ಹತ್ತು ಮಾಲೀಕರ ಬಾಡಿಗೆ ವಸೂಲಿ ಮಾಡಿ, ಅದನ್ನು ತನ್ನ ದುಡ್ಡಿನ ಜೊತೆಗೇ ಒಂದೇ ಖಾತೆಗೆ ಹಾಕಿಬಿಟ್ಟರೆ? ಅವನು ಮುಳುಗಿದ ದಿನ ಯಾರ ದುಡ್ಡು ಯಾವುದು ಅಂತ ಹೇಳುವವರಿಲ್ಲ. ಆಗ ಸುಮಾರು ನೂರು ಕಂಪನಿಗಳು ಸೇರಿ ಒಪ್ಪಿಕೊಂಡದ್ದು ಇಷ್ಟು: ಗಿರಾಕಿಯ ದುಡ್ಡನ್ನು ನಮ್ಮ ದುಡ್ಡಿನ ಜೊತೆ ಬೆರೆಸುವುದಿಲ್ಲ, ದುಡ್ಡು ಮುಟ್ಟುವ ನೌಕರರಿಗೆಲ್ಲ ಬಾಂಡ್ (ಅವರು ದುಡ್ಡು ನುಂಗಿದರೆ ನಷ್ಟ ತುಂಬಿಕೊಡುವ ಖಾತರಿ) ಮಾಡಿಸುತ್ತೇವೆ, ಸಿಗುವ ಕಮಿಷನ್ ಮುಚ್ಚಿಡುವುದಿಲ್ಲ.

ಆಮೇಲೆ ಒಂದು ತೊಡಕು ಬಂತು. ಮಾನ್ಯತೆ ಕಂಪನಿಗೆ, ಕೆಲಸ ಮಾಡುವವರು ಮನುಷ್ಯರು. ಒಳ್ಳೆ ಮ್ಯಾನೇಜರ್ ಕೆಲಸ ಬಿಟ್ಟು ಹೋದರೂ ಕಂಪನಿಯ ಬೋರ್ಡ್ ಹಾಗೇ ಇರುತ್ತದೆ, ಅಲ್ವಾ? ಅದಕ್ಕೇ 1938ರಲ್ಲಿ ವ್ಯಕ್ತಿಗೇ ಪ್ರಮಾಣಪತ್ರ ಕೊಡಲು ಶುರು ಮಾಡಿದರು. ಅದೇ ಸಿಪಿಎಂ, ಸರ್ಟಿಫೈಡ್ ಪ್ರಾಪರ್ಟಿ ಮ್ಯಾನೇಜರ್. ಈ ಬದಲಾವಣೆ ನನಗೆ ತುಂಬ ಇಷ್ಟ. ತಮ್ಮ ಲೋಗೋದ ಬೆಲೆ ಎಲ್ಲಿ ಸೋರುತ್ತಿದೆ ಅಂತ ಅವರೇ ನೋಡಿ ಮುಚ್ಚಿಕೊಂಡರು.

ಬೋಮಾ ಇನ್ನೂ ಹಳೆಯದು, 1907ರದ್ದು. ಆಫೀಸು ಕಟ್ಟಡಗಳ ಮಾಲೀಕರು ಮತ್ತು ಮ್ಯಾನೇಜರ್‌ಗಳ ಸಂಘ. ಇವರ ದೊಡ್ಡ ಕೆಲಸ 1915ರಲ್ಲಿ ತಂದ ಅಳತೆಯ ನಿಯಮ. ಬಾಡಿಗೆ ಚದರಡಿ ಲೆಕ್ಕ. ಆದರೆ ಅಳತೆ ಎಲ್ಲಿಂದ? ಗೋಡೆಯ ಹೊರಗಿನಿಂದಲಾ, ಗಾಜಿನ ಒಳಗಿನಿಂದಲಾ? ಕಂಬ ನಿಂತ ಜಾಗಕ್ಕೂ ಬಾಡಿಗೆ ಕೊಡಬೇಕಾ? ಎಲ್ಲರೂ ಓಡಾಡುವ ಲಾಬಿಯಲ್ಲಿ ನಿಮ್ಮ ಪಾಲೆಷ್ಟು? ಒಂದೇ ನಿಯಮ ಇಲ್ಲದಿದ್ದರೆ ಪ್ರತಿ ಮಾಲೀಕನೂ ತನಗೆ ಲಾಭವಾಗುವ ಹಾಗೆ ಟೇಪು ಹಿಡಿಯುತ್ತಾನೆ. ಮಾಲೀಕರ ಸಂಘವೇ ಆ ಟೇಪನ್ನು ಕಾಗದದಲ್ಲಿ ಬರೆದಿಟ್ಟಿತು. ಆ ನಿಯಮ ಹಲವು ಸಲ ಪರಿಷ್ಕಾರವಾಗಿದೆ, ಈಗಲೂ ಲೀಸ್ ಪತ್ರಗಳಲ್ಲಿ ಅದರ ಹೆಸರು ಬರುತ್ತದೆ.

ಇನ್ನು ರಿಸ್ಟೋರೇಷನ್ ಕಡೆ ಬರೋಣ. ಈ ಸಂಘಗಳ ಬೇರು ಇರುವುದು ಕಾರ್ಪೆಟ್ಟಿನಲ್ಲಿ. ಆರ್‌ಐಎ, ಅಂದರೆ ರಿಸ್ಟೋರೇಷನ್ ಇಂಡಸ್ಟ್ರಿ ಅಸೋಸಿಯೇಷನ್, 1946ರಲ್ಲಿ ರಗ್ಗು ತೊಳೆಯುವವರ ಸಂಘವಾಗಿ ಹುಟ್ಟಿದ್ದು. ಐಐಸಿಆರ್‌ಸಿ 1972ರಲ್ಲಿ ಕಾರ್ಪೆಟ್, ಸೋಫಾ ತೊಳೆಯುವವರಿಗೆ ಪ್ರಮಾಣಪತ್ರ ಕೊಡಲು ಶುರುವಾಯಿತು. ಇದರಲ್ಲಿ ಆಶ್ಚರ್ಯ ಏನಿಲ್ಲ. ಅಲ್ಲಿನ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್. ಪೈಪ್ ಒಡೆದರೆ ಮೊದಲು ಒದ್ದೆಯಾಗುವುದು ಅದೇ, ನೀರು ಎಳೆಯುವ ಮಷೀನು ಇದ್ದದ್ದು ಅದನ್ನು ತೊಳೆಯುವವನ ಹತ್ತಿರ. ಕಾರ್ಪೆಟ್ಟಿನಿಂದ ನೀರು ಎಳೆಯುತ್ತಾ ಎಳೆಯುತ್ತಾ ಅದರ ಕೆಳಗಿನ ಮರ, ಗೋಡೆಯ ಜಿಪ್ಸಮ್ ಬೋರ್ಡು, ಒಳಗಿನ ಬೂಷ್ಟು ಎಲ್ಲವೂ ಅವನ ಕೆಲಸವಾಯಿತು.

ಐಐಸಿಆರ್‌ಸಿ 1994ರಲ್ಲಿ ಎಸ್500 ಅನ್ನುವ ಮಾನದಂಡ ಹೊರತಂದಿತು. ನೀರಿನಿಂದಾದ ಹಾನಿಯನ್ನು ಹೇಗೆ ಸರಿಪಡಿಸಬೇಕು ಅಂತ ಹೇಳುವ ದಾಖಲೆ ಅದು. ನೀರನ್ನು ಮೂರು ಬಗೆ ಮಾಡುತ್ತದೆ. ಕುಡಿಯುವ ನೀರಿನ ಪೈಪ್ ಒಡೆದು ಬಂದದ್ದು ಒಂದನೆಯದು. ವಾಷಿಂಗ್ ಮಷೀನಿನಿಂದ ಹೊರಬಿದ್ದಂಥ ಕೊಳೆ ನೀರು ಎರಡನೆಯದು. ಚರಂಡಿ ನೀರು, ಹೊಳೆ ಉಕ್ಕಿ ಒಳಗೆ ನುಗ್ಗಿದ ನೀರು ಮೂರನೆಯದು. ಒಂದನೆಯ ಬಗೆಯ ನೀರು ಒಂದನೆಯದಾಗಿಯೇ ಉಳಿಯುವುದಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಎರಡು ಮೂರು ದಿನ ನಿಂತರೆ ಕೆಳಗಿನ ಬಗೆಗೆ ಇಳಿಯುತ್ತದೆ. ಅದಕ್ಕೇ ಶುಕ್ರವಾರ ರಾತ್ರಿ ಒಡೆದ ಪೈಪನ್ನು ಸೋಮವಾರ ನೋಡೋಣ ಅಂದರೆ ಬಿಲ್ಲೇ ಬೇರೆಯಾಗುತ್ತದೆ.

ಇದು ಕೆಲಸಕ್ಕೆ ಬರುವುದು ಎಲ್ಲಿ ಅಂತ ನೋಡಿ. ಕಂಟ್ರಾಕ್ಟರ್ ಬಂದು ಗೋಡೆಯ ಬುಡಕ್ಕೆ ಗಾಳಿ ಹೊಡೆಯುವ ಏರ್ ಮೂವರ್‌ಗಳನ್ನು ಸಾಲಾಗಿ ಇಡುತ್ತಾನೆ, ನಡುವೆ ಗಾಳಿಯ ತೇವ ಎಳೆಯುವ ಡೀಹ್ಯುಮಿಡಿಫೈಯರ್. ಬಿಲ್ಲು ಮಷೀನಿಗೆ ಇಷ್ಟು, ದಿನಕ್ಕೆ ಇಷ್ಟು. ಅವನಿಗೆ ಐದು ದಿನ ಓಡಿಸುವ ಆಸೆ, ಬಿಲ್ಲು ಕಟ್ಟುವ ವಿಮಾ ಕಂಪನಿಯ ಪರವಾಗಿ ನಷ್ಟದ ಲೆಕ್ಕ ನೋಡುವ ಅಡ್ಜಸ್ಟರ್‌ಗೆ ಮೂರೇ ದಿನ ಸಾಕು. ನಡುವೆ ಸಿಕ್ಕಿಕೊಂಡವನು ಕಟ್ಟಡದ ಮ್ಯಾನೇಜರ್. ಯಾರ ಮಾತು ಸರಿ? ಅದೇ ಕಟ್ಟಡದಲ್ಲಿ ಒದ್ದೆಯಾಗದ ಒಂದು ಗೋಡೆಗೆ ತೇವಾಂಶದ ಮೀಟರ್ ಹಿಡಿದು ನೋಡಬೇಕು. ಅದು ಗುರಿ. ಒದ್ದೆಯಾದ ಗೋಡೆಯನ್ನು ದಿನಾ ಅದೇ ಜಾಗದಲ್ಲಿ ಅಳೆದು ಬರೆದಿಡಬೇಕು. ಅಂಕಿ ಗುರಿಯ ಹತ್ತಿರ ಬಂತಾ, ಮಷೀನು ಎತ್ತು. ಬರಲಿಲ್ಲವಾ, ಇನ್ನೊಂದು ದಿನ. ಇಷ್ಟು ಬರೆದಿಟ್ಟ ಒಂದು ಹಾಳೆ ಇದ್ದರೆ ಜಗಳ ಅರ್ಧ ಮುಗಿಯಿತು. ಪೂರ್ತಿ ಮುಗಿಯುವುದಿಲ್ಲ ಬಿಡಿ, ಒಂದೇ ದಾಖಲೆಯಿಂದ ಇಬ್ಬರೂ ತಮಗೆ ಬೇಕಾದ ಪುಟ ತೆಗೆದು ತೋರಿಸುವುದೂ ಉಂಟು. ಆದರೂ ಇಬ್ಬರ ಕೈಯಲ್ಲೂ ಇರುವುದು ಒಂದೇ ದಾಖಲೆ.

ಎಸ್500 ಕಾನೂನಲ್ಲ, ಇಷ್ಟವಿದ್ದವರು ಪಾಲಿಸುವ ಮಾನದಂಡ. ಆದರೆ ಕೇಸು ಕೋರ್ಟಿಗೆ ಹೋದಾಗ ವಕೀಲರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಅದರ ಪ್ರಕಾರ ಮಾಡಿದ್ರಾ?

ಈ ಎರಡು ಉದ್ಯಮ ಸೇರುವ ಜಾಗ ಬೇರೆ ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮ್ಯಾನೇಜರ್‌ಗಳ ಸಂಘದಲ್ಲಿ ಕಂಟ್ರಾಕ್ಟರ್‌ಗಳಿಗೂ ಸದಸ್ಯತ್ವ ಉಂಟು. ಒಂದೊಂದು ಸಂಘದಲ್ಲಿ ಒಂದೊಂದು ಹೆಸರು: ಅಸೋಸಿಯೇಟ್, ಸಪ್ಲೈಯರ್, ಬಿಸಿನೆಸ್ ಪಾರ್ಟ್‌ನರ್. ಊಟಕ್ಕೆ ಪ್ರಾಯೋಜಕರು ಅವರೇ, ಗಾಲ್ಫ್ ಪಂದ್ಯಕ್ಕೂ ಅವರೇ. ಸುಮ್ನೆ ಯಾರೂ ಊಟ ಹಾಕಿಸುವುದಿಲ್ಲ. ಮಧ್ಯರಾತ್ರಿ ಪೈಪ್ ಒಡೆದಾಗ ಮ್ಯಾನೇಜರ್‌ಗೆ ನೆನಪಾಗುವ ಮೊದಲ ನಂಬರ್ ತಮ್ಮದಿರಲಿ ಅಂತ. ಇದರಲ್ಲಿ ತಪ್ಪೇನಿಲ್ಲ, ಮುಖ ಗೊತ್ತಿರುವವನನ್ನು ಕರೆಯುವುದು ಎಲ್ಲ ಕಡೆಯೂ ಇದ್ದದ್ದೇ. ಆದರೆ ಊಟ ದಾಟಿ ಕಮಿಷನ್‌ಗೆ ಬಂದರೆ ಕಥೆ ಬೇರೆ. ಐರೆಮ್‌ನ ನೀತಿ ಸಂಹಿತೆ ಇಲ್ಲಿ ಸ್ಪಷ್ಟವಾಗಿದೆ: ಮಾಲೀಕರಿಗೆ ತಿಳಿಸದೆ, ಅವರ ಒಪ್ಪಿಗೆ ಇಲ್ಲದೆ ಕಂಟ್ರಾಕ್ಟರ್‌ನಿಂದ ಯಾವ ಲಾಭವನ್ನೂ ಪಡೆಯುವಂತಿಲ್ಲ. ನೋಡಿ, ಮತ್ತೆ ಕೈ ಕಟ್ಟುವ ನಿಯಮ.

ಸಂಘಗಳ ಕೈಯನ್ನೂ ಕಾನೂನು ಕಟ್ಟಿದೆ. ಅಮೆರಿಕದಲ್ಲಿ 1890ರ ಶರ್ಮನ್ ಕಾಯ್ದೆ ಇದೆ. ಒಂದೇ ಕಸುಬಿನವರು ಸೇರಿ ದರ ನಿಗದಿ ಮಾಡುವಂತಿಲ್ಲ. 1950ರಲ್ಲಿ ವಾಷಿಂಗ್ಟನ್‌ನ ರಿಯಲ್ ಎಸ್ಟೇಟ್ ಬೋರ್ಡು ಕಮಿಷನ್ ದರ ಗೊತ್ತುಮಾಡಿದ್ದನ್ನು ಸುಪ್ರೀಂ ಕೋರ್ಟ್ ತಪ್ಪು ಅಂದಿತು. 1975ರಲ್ಲಿ ವಕೀಲರ ಕನಿಷ್ಠ ಶುಲ್ಕದ ಪಟ್ಟಿಗೂ ಅದೇ ಗತಿ. ಇದರಿಂದಲೇ ಇವತ್ತಿಗೂ ಎಷ್ಟೋ ಸಂಘಗಳ ಸಭೆಯಲ್ಲಿ ಮೊದಲು ಒಬ್ಬರು ಎದ್ದು ಒಂದು ಹೇಳಿಕೆ ಓದುತ್ತಾರೆ: ಇಲ್ಲಿ ದರ, ಗಿರಾಕಿ ಹಂಚಿಕೆ, ಬಹಿಷ್ಕಾರ ಯಾವುದನ್ನೂ ಮಾತಾಡುವಂತಿಲ್ಲ.

ರಿಸ್ಟೋರೇಷನ್‌ನವರಿಗೆ ಇದು ಸಂಕಟ. ಅವರ ಬಿಲ್ಲಿನ ದರ ಬಹಳಷ್ಟು ಸಲ ಎಕ್ಸಾಕ್ಟಿಮೇಟ್ ಅನ್ನುವ ಸಾಫ್ಟ್‌ವೇರಿನ ಪಟ್ಟಿಯಿಂದ ಬರುತ್ತದೆ. ವಿಮಾ ಕಂಪನಿ ಅದಕ್ಕಿಂತ ಜಾಸ್ತಿ ಕೊಡಲು ಒಪ್ಪುವುದಿಲ್ಲ. ಕಂಟ್ರಾಕ್ಟರ್‌ಗಳೆಲ್ಲ ಒಟ್ಟಾಗಿ ಇಷ್ಟಕ್ಕಿಂತ ಕಡಿಮೆಗೆ ಮಾಡುವುದಿಲ್ಲ ಅಂದರೆ ಅದು ಅಪರಾಧ. ಆರ್‌ಐಎ ಮಾಡಬಹುದಾದದ್ದು ಇಷ್ಟೇ: ಪಟ್ಟಿ ಒಂದು ಆಧಾರ ಮಾತ್ರ, ಅದೇ ಅಂತಿಮವಲ್ಲ ಅಂತ ಹೇಳಿಕೆ ಹೊರಡಿಸುವುದು, ಸರ್ಕಾರದ ಹತ್ತಿರ ಮಾತಾಡುವುದು. ಅವರ ಸಿಟ್ಟು ನ್ಯಾಯವಾದದ್ದೇ ಅನ್ನಿಸುತ್ತದೆ ನನಗೆ. ಆದರೂ ಈ ಕಾನೂನು ಸಡಿಲವಾಗಬಾರದು.

ಇಷ್ಟ ಬಂದರೆ ಪಾಲಿಸು ಅನ್ನುವ ನಿಯಮ ಸಾಲದೇ ಹೋಗುವ ಜಾಗವೂ ಇದೆ. ಸಿಎಐ, ಅಂದರೆ ಕಮ್ಯುನಿಟಿ ಅಸೋಸಿಯೇಷನ್ಸ್ ಇನ್‌ಸ್ಟಿಟ್ಯೂಟ್, 1973ರದ್ದು. ಫ್ಲಾಟ್ ಮಾಲೀಕರು, ಮ್ಯಾನೇಜರ್‌ಗಳು, ವಕೀಲರು, ಕಂಟ್ರಾಕ್ಟರ್‌ಗಳು ಎಲ್ಲರೂ ಒಂದೇ ಸೂರಿನಡಿ. ಇದು ಮ್ಯಾನೇಜರ್, ವಕೀಲರ ಪರವಾಗಿಯೇ ಲಾಬಿ ಮಾಡುತ್ತದೆ ಅಂತ ಮಾಲೀಕರು ದೂರುವುದೂ ಉಂಟು. ದೊಡ್ಡ ರಿಪೇರಿಗೆ ಎಷ್ಟು ದುಡ್ಡು ಕೂಡಿಡಬೇಕು ಅಂತ ಲೆಕ್ಕ ಹಾಕುವ ಮಾನದಂಡ ಅವರ ಹತ್ತಿರ ಮೊದಲೇ ಇತ್ತು. ಪಾಲಿಸುವುದು ಬಿಡುವುದು ಆಯಾ ಕಟ್ಟಡಕ್ಕೆ ಬಿಟ್ಟದ್ದು. ತಿಂಗಳ ಚಾರ್ಜು ಏರಿಸೋಣ ಅಂದರೆ ಯಾವ ಸಭೆಯಲ್ಲಿ ಕೈ ಮೇಲೇಳುತ್ತದೆ ಹೇಳಿ? 2021ರ ಜೂನ್ 24ರಂದು ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಕಟ್ಟಡ ಕುಸಿದು 98 ಜನ ಸತ್ತರು. ಅಲ್ಲಿನ ಕಾಂಕ್ರೀಟು ಹಾಳಾಗಿದೆ ಅಂತ ಇಂಜಿನಿಯರ್ ವರದಿ 2018ರಲ್ಲೇ ಬಂದಿತ್ತು. ಆಮೇಲೆ 2022ರಲ್ಲಿ ಫ್ಲೋರಿಡಾ ಕಾನೂನೇ ತಂದಿತು: ಮೂರು ಮಹಡಿಗಿಂತ ಕಡಿಮೆಯಿಲ್ಲದ ಹಳೆಯ ಕಾಂಡೋಗಳಿಗೆ, ಅಂದರೆ ಫ್ಲಾಟ್ ಕಟ್ಟಡಗಳಿಗೆ, ತಪಾಸಣೆ ಕಡ್ಡಾಯ, ಕಟ್ಟಡದ ರಚನೆಗೆ ಕೂಡಿಡುವ ದುಡ್ಡಿನ ಲೆಕ್ಕ ಕಡ್ಡಾಯ.

ಬೂಷ್ಟಿನ ವಿಷಯದಲ್ಲೂ ಹಾಗೇ. ಟೆಕ್ಸಾಸ್, ನ್ಯೂಯಾರ್ಕ್ ರಾಜ್ಯಗಳಲ್ಲಿ ಬೂಷ್ಟು ಇದೆಯಾ ಅಂತ ನೋಡುವವನೂ ತೆಗೆಯುವವನೂ ಒಂದೇ ಕೆಲಸದಲ್ಲಿ ಒಬ್ಬನೇ ಆಗುವಂತಿಲ್ಲ, ಇಬ್ಬರಿಗೂ ಬೇರೆ ಬೇರೆ ಲೈಸೆನ್ಸ್ ಬೇಕು.

ಕೊನೆಗೆ ಕೆಲಸಕ್ಕೆ ಬರುವ ಎರಡು ಮಾತು. ವ್ಯಾನ್ ಮೇಲೆ ಲೋಗೋ ಇದ್ದರೆ, ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ ಅಂತ ಕೇಳಿ. ಐಐಸಿಆರ್‌ಸಿಯಲ್ಲಿ ಕಂಪನಿಗೆ ಬೇರೆ, ತಂತ್ರಜ್ಞರಿಗೆ ಬೇರೆ. ನೀರಿನ ಹಾನಿಯ ಮೊದಲ ಹಂತದ ಕೋರ್ಸು ಕೆಲವೇ ದಿನದ್ದು, ಕೊನೆಗೊಂದು ಪರೀಕ್ಷೆ. ಕೋರ್ಸು ಮಾಡಿದವನು ಆಫೀಸಿನಲ್ಲಿ ಕೂತು, ಮಾಡದವನು ನಿಮ್ಮ ಗೋಡೆ ಹತ್ತಿರ ನಿಂತಿದ್ದರೆ ಆ ಲೋಗೋ ನಿಮಗೆ ಏನೂ ಮಾಡಲಿಲ್ಲ. ಎರಡನೆಯದು, ಮಷೀನು ಇಟ್ಟ ಮಾರನೆ ದಿನವೇ ತೇವಾಂಶದ ಹಾಳೆ ತೋರಿಸಿ ಅನ್ನಿ. ಬಿಲ್ಲು ಬಂದ ಮೇಲೆ ಕೇಳಿದರೆ ಆ ಹಾಳೆ ಆಮೇಲೆ ಕೂತು ಬರೆದದ್ದೂ ಇರಬಹುದು.

ಈಗ ನಿಮ್ಮ ಪ್ರಶ್ನೆಗಳು ಇದ್ದರೆ ಕೇಳಿ.