ಮನೆಗೆಲಸ ಯಾರದ್ದು? ಸ್ತ್ರೀವಾದದ ಒಳಗಿನ ಜಗಳಗಳು

ಎಲ್ರಿಗೂ ನಮಸ್ಕಾರ. ಸ್ತ್ರೀವಾದ ಅಂದ ತಕ್ಷಣ ಅದು ಗಂಡಸರ ಮೇಲಿನ ಸಿಟ್ಟು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಆದ್ರೆ ಅದೊಂದು ರಾಜಕೀಯ ಸಿದ್ಧಾಂತ, ಅದರೊಳಗೆ ಬೇರೆ ಬೇರೆ ದಾರಿಗಳಿವೆ, ಆ ದಾರಿಗಳೋರು ಒಬ್ಬರಿಗೊಬ್ರು ಜೋರಾಗೇ ವಾದ ಮಾಡಿದಾರೆ. ಇವತ್ತು ಒಂದೇ ವಿಷಯ ಹಿಡ್ಕೊಂಡು ಮಾತಾಡ್ತೀನಿ, ಮನೆಗೆಲಸ.

1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 90 ಜನ ಕೆಲಸಕ್ಕೂ ಹೋಗ್ಲಿಲ್ಲ, ಮನೇಲಿ ಅಡುಗೆನೂ ಮಾಡ್ಲಿಲ್ಲ, ಮಕ್ಕಳನ್ನೂ ನೋಡ್ಕೊಳ್ಲಿಲ್ಲ. ಎಷ್ಟೋ ಸ್ಕೂಲು, ಅಂಗಡಿ, ಫ್ಯಾಕ್ಟರಿ ಬಾಗಿಲು ಹಾಕ್ಬೇಕಾಯ್ತು, ಅಪ್ಪಂದಿರು ಮಕ್ಕಳನ್ನ ಕಟ್ಕೊಂಡೇ ಆಫೀಸಿಗೆ ಬಂದ್ರು, ರೇಡಿಯೋದಲ್ಲಿ ವಾರ್ತೆ ಓದ್ತಿದ್ರೆ ಹಿಂದೆ ಮಕ್ಕಳ ಗಲಾಟೆ ಕೇಳಿಸ್ತಿತ್ತಂತೆ. ಇದನ್ನ ಮೊದಲು ಎತ್ತಿದ್ದು ರೆಡ್‌ಸ್ಟಾಕಿಂಗ್ಸ್ ಅನ್ನೋ ತೀವ್ರವಾದಿ ಸ್ತ್ರೀವಾದಿ ಗುಂಪು, ಅಂದ್ರೆ ವ್ಯವಸ್ಥೆನೇ ಬೇರುಸಮೇತ ಬದಲಾಗ್ಬೇಕು ಅನ್ನೋರು, ಅವರಿಗೆ ಬೇಕಿದ್ದಿದ್ದು ಮುಷ್ಕರ, ಮಿಕ್ಕ ಸಂಘಗಳೋರು ಅದಕ್ಕೆ ಹಿಂಜರಿದ್ರು, ಕೊನೆಗೆ ರಜಾ ದಿನ ಅಂತ ಕರೆಯೋಣ ಅಂದ್ಮೇಲೆ ಎಲ್ರೂ ಒಟ್ಟಿಗೆ ಬಂದ್ರು. ಮರುವರ್ಷ ಅಲ್ಲಿನ ಸಂಸತ್ತು ಸಮಾನ ಹಕ್ಕಿನ ಕಾನೂನು ಮಾಡ್ತು.

ಹೀಗೆ ಕಾನೂನು, ಓಟು, ಓದು, ಸಮಾನ ಸಂಬಳ ಕೇಳೋದು ಉದಾರವಾದಿ ಸ್ತ್ರೀವಾದ. 1792ರಲ್ಲೇ ಇಂಗ್ಲೆಂಡಿನ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಇದನ್ನ ವಾದಿಸಿದ್ರು, ಹೆಂಗಸರು ಹುಟ್ಟಿನಿಂದ ದಡ್ಡರಲ್ಲ, ಓದಿಸದೇ ಇಟ್ಟಿದೀರಿ ಅಷ್ಟೇ ಅಂತ. ಇದರ ಫಲ ನಾವೆಲ್ಲ ಉಣ್ತಿದೀವಿ, ಕಡೆಗಣಿಸೋ ಹಾಗಿಲ್ಲ. ಆದ್ರೆ ಕಾನೂನು ಮನೆ ಹೊಸ್ತಿಲ ಹತ್ರ ಬಂದು ನಿಂತ್ಬಿಡುತ್ತಲ್ಲ, ಒಳಗೆ ಯಾರು ಎಷ್ಟು ಹೊತ್ತಿಗೆ ಏಳ್ಬೇಕು, ಯಾರು ಕೊನೇಲಿ ಊಟ ಮಾಡ್ಬೇಕು ಅನ್ನೋದನ್ನ ಯಾವ ಕಾನೂನು ಕೇಳುತ್ತೆ? ಅದೂ ರಾಜಕೀಯನೇ ಅಂತ 1970ರ ಹೊತ್ತಿಗೆ ತೀವ್ರವಾದಿ ಸ್ತ್ರೀವಾದಿಗಳು ಹೇಳಿದ್ರು. ಪಿತೃಪ್ರಭುತ್ವ ಅಂದ್ರೆ ಯಾರೋ ಒಬ್ಬ ಗಂಡಸಿನ ಕೆಟ್ಟತನ ಅಲ್ಲ, ಒಳ್ಳೆ ಗಂಡನಿರೋ ಮನೇಲೂ ನಡೀತಿರೋ, ಗಂಡಸರ ಕೈಲೇ ಅಧಿಕಾರ ಇರೋ ವ್ಯವಸ್ಥೆ ಅದು.

ಸಮಾಜವಾದಿ ಸ್ತ್ರೀವಾದಿಗಳ ಪ್ರಶ್ನೆ ಇನ್ನೂ ಚುರುಕು. ಫ್ಯಾಕ್ಟರಿಗೆ ಹೋಗೋ ಗಂಡಸು ಬೆಳಗ್ಗೆ ತಿಂಡಿ ತಿಂದು ಒಗೆದ ಬಟ್ಟೆ ಹಾಕ್ಕೊಂಡು ಹೋಗ್ತಾನಲ್ಲ, ಅವನನ್ನ ದಿನಾ ಹಾಗೆ ತಯಾರು ಮಾಡಿ ಕಳಿಸೋ ದುಡಿಮೆ ಮಾಲೀಕನಿಗೆ ಪುಕ್ಕಟೆ ಸಿಗ್ತಿದೆ, ಅದಕ್ಕೆ ಸಂಬಳ ಎಲ್ಲಿ? 1972ರಲ್ಲಿ ಸೆಲ್ಮಾ ಜೇಮ್ಸ್, ಮರಿಯರೋಸಾ ಡಲ್ಲಾ ಕೋಸ್ಟಾ, ಸಿಲ್ವಿಯಾ ಫೆಡರಿಚಿ ಅಂಥೋರು ಸೇರಿ ಮನೆಗೆಲಸಕ್ಕೆ ಕೂಲಿ ಕೊಡಿ ಅಂತ ಚಳವಳಿನೇ ಶುರು ಮಾಡಿದ್ರು.

ನಮ್ಮ ದೇಶದಲ್ಲಿ 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆ ಇದೆ. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡ್ತಿದ್ರು, ಮಾಡೋ ಗಂಡಸರು 97 ನಿಮಿಷ. ಕರ್ನಾಟಕದಲ್ಲಿ 2023ರಿಂದ ಗೃಹಲಕ್ಷ್ಮಿ ಯೋಜನೇಲಿ ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಅಂತ ಮಾಡಿದಾರೆ, ಹೆಂಗಸಿನ ಕೈಗೇ ದುಡ್ಡು ಬರೋದು ದೊಡ್ಡದು, ನಾನು ಅದರ ಪರವೇ, ಆದ್ರೆ ಅದು ಸಹಾಯಧನ, ದುಡಿಮೆಗೆ ಕೊಟ್ಟ ಕೂಲಿ ಅಲ್ಲ. ಮನೇಲಿ ಪಾತ್ರೆ ಯಾರು ತೊಳೀಬೇಕು ಅನ್ನೋದೂ ಅದರಿಂದ ಬದಲಾಗಲ್ಲ.

ನನ್ನನ್ನ ಜಾಸ್ತಿ ಕಾಡೋದು, ಮನೆಗೆಲಸಕ್ಕೆ ಕೂಲಿ ಅನ್ನೋ ಆ ಬೇಡಿಕೆ ಬಗ್ಗೆ ಅಮೆರಿಕದ ಕಪ್ಪು ಚಿಂತಕಿ ಏಂಜೆಲಾ ಡೇವಿಸ್ 1981ರಲ್ಲಿ ಎತ್ತಿದ ತಕರಾರು. ಅಮೆರಿಕದಲ್ಲಿ ಕಪ್ಪು ಹೆಂಗಸರು ತಲೆತಲಾಂತರದಿಂದ ಬಿಳಿಯರ ಮನೇಲಿ ಕೂಲಿಗೇ ಕಸ ಗುಡಿಸಿದಾರೆ, ಆ ಕೂಲಿಯಿಂದ ಅವರಿಗೆ ಬಿಡುಗಡೆ ಸಿಕ್ತಾ? 1989ರಲ್ಲಿ ಅಲ್ಲಿನ ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ ಇನ್ನೊಂದು ಮಾತು ಸೇರಿಸಿದ್ರು, ಬಣ್ಣದ ತಾರತಮ್ಯ, ಹೆಣ್ಣು ಅನ್ನೋ ತಾರತಮ್ಯ ಎರಡೂ ಒಬ್ಬಳ ಮೇಲೇ ಒಟ್ಟಿಗೆ ಬಿದ್ದಾಗ ಕೋರ್ಟಿಗೂ ಅವಳ ಕಷ್ಟ ಕಾಣಲ್ಲ ಅಂತ. ನಮ್ಮಲ್ಲಿ ಆ ಜಾಗದಲ್ಲಿ ಜಾತಿ ಇದೆ. ದಲಿತ ಸ್ತ್ರೀವಾದಿಗಳು ಇದನ್ನ ಎಷ್ಟೋ ವರ್ಷದಿಂದ ಹೇಳ್ತಾ ಬಂದಿದಾರೆ, ಯಾವ ಮನೇಲಿ ಯಾರು ಅಡುಗೆಮನೆ ಒಳಗೆ ಬರಬಹುದು, ಯಾರು ಹಿತ್ತಲಲ್ಲೇ ಪಾತ್ರೆ ತೊಳೀಬೇಕು ಅನ್ನೋದನ್ನ ಇವತ್ತಿಗೂ ಜಾತಿ ತೀರ್ಮಾನ ಮಾಡೋ ಮನೆಗಳಿವೆ.

ನಾವು ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಹೊರಡೋ ಹೊತ್ತಿಗೆ ತಮ್ಮ ಮನೆ ಕೆಲಸ ಎಲ್ಲ ಮುಗಿಸಿ ನಮ್ಮ ಮನೆಗೆ ಬಂದಿರ್ತಾರಲ್ಲ ಅಕ್ಕಂದಿರು, ಬೆಂಗಳೂರಲ್ಲಿ ಅವರ ಸಂಘಗಳಿವೆ. ಅವರು ಕೇಳ್ತಿರೋದು ಕನಿಷ್ಠ ಕೂಲಿ, ವಾರಕ್ಕೊಂದು ರಜೆ, ಬೋನಸ್ಸು. ಅದನ್ನ ಕೊಡ್ಬೇಕಾದೋರಲ್ಲಿ ಕೆಲಸಕ್ಕೆ ಹೋಗೋ ನಾವು ಹೆಂಗಸರೂ ಇದೀವಿ. ನಮಸ್ಕಾರ.